ವಿಳಾಸಗಳನ್ನು ಎಣಿಸಿದ ಏಳು ವರ್ಷ

2018ರ ನವೆಂಬರ್ 2ರಂದು ಇಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲದ ಮೇಲೆ ಯೂನಿಸ್ವಾಪ್ ಎಂಬ ವಿಕೇಂದ್ರೀಕೃತ ಟೋಕನ್ ಅದಲುಬದಲು ತಾಣ ಕೆಲಸ ಶುರುಮಾಡಿತು. ಏಳು ವರ್ಷ ದಾಟಿದ ಮೇಲೆ ತಿರುಗಿ ನೋಡಿದರೆ, ಅದರ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ವಹಿವಾಟಿನ ಮೊತ್ತ, ಟೋಕನ್ನಿನ ಬೆಲೆ, ಅಮೆರಿಕದ ಷೇರು ನಿಯಂತ್ರಕರ ನೋಟಿಸು, ಇವುಗಳ ಸುತ್ತಲೇ ಗಿರಕಿ ಹೊಡೆದಿವೆ. ಅಲ್ಲಿಗೆ ಮೊದಲ ಸಲ ಬಂದವರು ಏನು ಮಾಡಿದರು, ಎಷ್ಟು ಕಳಕೊಂಡರು, ಎಷ್ಟು ದಿನ ನಿಂತರು ಎಂಬ ಲೆಕ್ಕ ಒಪ್ಪಿಸಿದವರು ಕಡಿಮೆ.

ವಿಚಿತ್ರವೆಂದರೆ ಆ ಲೆಕ್ಕಕ್ಕೆ ಬೇಕಾದದ್ದೆಲ್ಲ ಎಲ್ಲರ ಕಣ್ಣೆದುರಿಗೇ ಇದೆ. ಯಾವ ಬ್ಯಾಂಕೂ ತನ್ನ ಗ್ರಾಹಕರ ಪಾಸ್‌ಬುಕ್ಕನ್ನು ಹೊರಗಿನವರಿಗೆ ತೋರಿಸುವುದಿಲ್ಲ. ಇಲ್ಲಿ ನಡೆದ ಪ್ರತಿ ಅದಲುಬದಲು, ಕೊಟ್ಟ ಪ್ರತಿ ಒಪ್ಪಿಗೆ, ಮುಗ್ಗರಿಸಿದ ಪ್ರತಿ ಯತ್ನವೂ ಸಮಯದ ಮೊಹರಿನ ಸಮೇತ ಬಹಿರಂಗ. ಡ್ಯೂನ್‌ನಂಥ ತಾಣದಲ್ಲಿ ನಾಲ್ಕು ಸಾಲು ಎಸ್‌ಕ್ಯುಎಲ್ ಬರೆಯಬಲ್ಲ ಯಾರೇ ಆದರೂ ಒಂದು ವಾಲೆಟ್ ವಿಳಾಸ ಮೊದಲು ಕಾಣಿಸಿಕೊಂಡದ್ದು ಯಾವಾಗ, ಅದಕ್ಕೆ ಹಣ ಬಂದದ್ದು ಎಲ್ಲಿಂದ, ಎರಡನೇ ವಾರಕ್ಕೂ ಅದು ಉಳಿದಿತ್ತೇ ಎಂದು ಕುಳಿತಲ್ಲೇ ನೋಡಬಹುದು. ಅಡ್ಡಿ ಒಂದೇ. ಅಲ್ಲಿರುವುದು ವಿಳಾಸ, ಮನುಷ್ಯ ಅಲ್ಲ. ಒಬ್ಬನೇ ನೂರು ವಿಳಾಸ ತೆರೆದರೆ ಚಾರ್ಟಿನಲ್ಲಿ ನೂರು ಮಂದಿ ಹೊಸಬರು. ಐದು ವರ್ಷ ಪಳಗಿದವನು ಹಳೆಯ ವಾಲೆಟ್ ಬಿಟ್ಟು ಹೊಸದಕ್ಕೆ ಹೋದರೆ ಅವನೂ ಹೊಸಬ. ಯಂತ್ರವೊಂದು ಹುಟ್ಟಿ ಒಂದು ಗಂಟೆ ವ್ಯಾಪಾರ ಮಾಡಿ ಸತ್ತರೆ ಅದೂ ಹೊಸಬನೇ. ಹೊಸಬರ ನಡೆಯ ಬಗ್ಗೆ ಈ ಉದ್ಯಮ ಹೊರಡಿಸಿದ ಅಂಕಿಅಂಶಗಳನ್ನೆಲ್ಲ ಈ ಒಂದು ಕೊರತೆಯನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ನಮ್ಮ ವಾದ ಇಷ್ಟು. ಖಾತೆ ತೆರೆಯುವ ಗುಮಾಸ್ತ, ಪಟ್ಟಿಗೆ ಸೇರಿಸುವ ಮುನ್ನ ಸರಕನ್ನು ತಡವಿ ನೋಡುವ ಅಧಿಕಾರಿ, ತಪ್ಪಾದರೆ ಫೋನು ಎತ್ತುವ ಸಿಬ್ಬಂದಿ, ಇವರನ್ನೆಲ್ಲ ಯೂನಿಸ್ವಾಪ್ ತೆಗೆದುಹಾಕಿತು. ಅವರು ಮಾಡುತ್ತಿದ್ದ ಕೆಲಸ ಮಾತ್ರ ಎಲ್ಲಿಗೂ ಹೋಗಲಿಲ್ಲ, ಒಳಗೆ ಬಂದ ಹೊಸಬನ ತಲೆಯ ಮೇಲೆ ಕೂತಿತು. ಏಳು ವರ್ಷದ ಲೆಡ್ಜರಿನಲ್ಲಿ ಹೊಸಬರ ಅಜ್ಞಾನ, ದುರಾಸೆ ಎಂದು ಹಲವರು ಓದಿದ್ದರಲ್ಲಿ ಬಹುಪಾಲು, ಸಂಬಳವಿಲ್ಲದ ಈ ನೌಕರಿಯಲ್ಲಿ ಆದ ಎಡವಟ್ಟುಗಳು.

ಇದನ್ನು ಕಟ್ಟಿದವನೇ ಹೊಸಬನಾಗಿದ್ದ ಎಂಬುದನ್ನು ಮರೆಯಬಾರದು. ಹೇಡನ್ ಆ್ಯಡಮ್ಸ್ ಮೆಕ್ಯಾನಿಕಲ್ ಎಂಜಿನಿಯರ್. 2017ರ ಜುಲೈನಲ್ಲಿ ಸೀಮೆನ್ಸ್ ಕೆಲಸದಿಂದ ತೆಗೆದಾಗ, ಇಥೀರಿಯಂ ವಲಯದಲ್ಲಿದ್ದ ಗೆಳೆಯ ಕಾರ್ಲ್ ಫ್ಲೋರ್ಶ್ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಕಲಿ ಎಂದ. ಇಥೀರಿಯಂ ಸಹಸಂಸ್ಥಾಪಕ ವಿಟಾಲಿಕ್ ಬುಟೆರಿನ್ ಬರೆದಿದ್ದ ಒಂದು ಯೋಚನೆಯನ್ನು ಹಿಡಿದು ಆ್ಯಡಮ್ಸ್ ಕೋಡಿಂಗ್ ಕಲಿಯುತ್ತಲೇ ಯೂನಿಸ್ವಾಪ್ ಕಟ್ಟಿದ. ಅದಕ್ಕೂ ಮುಂಚೆ ಇದ್ದ ಈಥರ್‌ಡೆಲ್ಟಾದಲ್ಲಿ ಕೊಳ್ಳುವವನು, ಮಾರುವವನು ತಂತಮ್ಮ ಬೆಲೆ ಬರೆದು ಕಾಯಬೇಕಿತ್ತು; ದಶಾಂಶ ಬಿಂದು ಒಂದು ಮನೆ ಜರುಗಿದರೆ ಮುಗಿಯಿತು. ಯೂನಿಸ್ವಾಪ್‌ನ ಪರದೆಯಲ್ಲಿ ಎರಡೇ ಪೆಟ್ಟಿಗೆ: ಕೊಡುವುದು ಏನು, ಪಡೆಯುವುದು ಏನು. ಕ್ರಿಪ್ಟೊ ಜಗತ್ತಿನಲ್ಲಿ ಅಷ್ಟು ಸರಳವಾದದ್ದು ಆವರೆಗೆ ಅಪರೂಪ. ಆ ಸರಳತೆ ಅಪ್ಪಟ ಸಾಧನೆ ಎಂಬುದನ್ನು ಮೊದಲೇ ಒಪ್ಪಿಬಿಡೋಣ.

ಆದರೆ ಪೆಟ್ಟಿಗೆಯ ಹಿಂದಿನ ಗಣಿತ ಹೊಸಬನಿಗೆ ಕಾಣುವುದಿಲ್ಲ. ಪ್ರತಿ ಜೋಡಿಗೂ ಒಂದು ಕೊಳ. ಅದರಲ್ಲಿರುವ ಎರಡು ಟೋಕನ್ನುಗಳ ಮೊತ್ತದ ಗುಣಲಬ್ಧ ಬದಲಾಗಬಾರದು ಎಂಬುದೇ ನಿಯಮ. ಇಥೀರಿಯಂನ ನಾಣ್ಯವಾದ ಈಥರ್ 10, ಡಾಲರ್ 20,000 ಇರುವ ಪುಟ್ಟ ಕೊಳವೊಂದಿದೆ ಎನ್ನಿ. ಗುಣಲಬ್ಧ 2,00,000. ಈಥರಿನ ಬೆಲೆ 2,000 ಡಾಲರ್ ಎಂದು ತೋರಿಸುತ್ತಿದೆ. ನೀವು ಒಂದು ಈಥರ್ ತೆಗೆದರೆ ಉಳಿಯುವುದು 9, ಹಾಗಾಗಿ ಡಾಲರಿನ ಕಡೆ 22,222 ಆಗಲೇಬೇಕು. ನೀವು ತೆತ್ತದ್ದು 2,222. ತೋರಿಸಿದ ಬೆಲೆಗಿಂತ ಶೇ 11ರಷ್ಟು ಹೆಚ್ಚು, ಕೊಳದ ಕಮಿಷನ್ನು ಬೇರೆ. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ದೊಡ್ಡ ಕೊಳದಲ್ಲಿ ಈ ವ್ಯತ್ಯಾಸ ಗಣನೆಗೇ ಬರುವುದಿಲ್ಲ. ಹೊಸಬರು ಗುಂಪುಗುಂಪಾಗಿ ನುಗ್ಗಿದ್ದು ಮಾತ್ರ ನಿನ್ನೆ ರಾತ್ರಿ ಹುಟ್ಟಿದ ಟೋಕನ್ನುಗಳ ಪುಟ್ಟ ಕೊಳಗಳಿಗೆ.

ಒಳಗೆ ಬರುವ ಹಾದಿಯಲ್ಲೇ ಹಲವರು ಸುಸ್ತಾಗುತ್ತಿದ್ದರು. ಮೆಟಾಮಾಸ್ಕ್ ಎಂಬ ವಾಲೆಟ್ ಹಾಕಿಕೊಳ್ಳಬೇಕು. ಹನ್ನೆರಡು ಪದಗಳ ಗುಟ್ಟನ್ನು ಕಾಗದದಲ್ಲಿ ಬರೆದಿಟ್ಟು, ಅದು ಕಳೆದರೆ ದೇವರೂ ಕಾಪಾಡಲಾರ ಎಂದು ತಿಳಿಯಬೇಕು. ಯಾವುದಾದರೂ ಕೇಂದ್ರೀಕೃತ ಎಕ್ಸ್‌ಚೇಂಜಿನಿಂದ ಹಣ ತರಬೇಕು. ಡಾಲರ್ ಟೋಕನ್ ಮಾತ್ರ ತಂದವನು ಅಲ್ಲೇ ಸಿಕ್ಕಿಬೀಳುತ್ತಿದ್ದ, ಏಕೆಂದರೆ ಗ್ಯಾಸ್ ಎಂಬ ಶುಲ್ಕಕ್ಕೆ ಈಥರೇ ಬೇಕು. ನಂತರ ಟೋಕನ್ ಮುಟ್ಟಲು ಪ್ರೋಗ್ರಾಮಿಗೆ ಒಪ್ಪಿಗೆ ಕೊಡಬೇಕು, ಅದಕ್ಕೊಂದು ಶುಲ್ಕ. ಆಮೇಲೆ ಅದಲುಬದಲು, ಅದಕ್ಕೆ ಇನ್ನೊಂದು. ಅಷ್ಟರಲ್ಲಿ ಬೆಲೆ ಜಾರಿದರೆ ವಹಿವಾಟು ರದ್ದು, ಆದರೂ ಗ್ಯಾಸ್ ಹೋಯಿತು. ಅಂಗಡಿಯವನು ಸರಕು ಕೊಡದೆ ಬಿಲ್ಲಿಗೆ ದುಡ್ಡು ಎಣಿಸಿಕೊಂಡಂತೆ.

2021ರ ಮೇ ತಿಂಗಳ ಎರಡನೇ ವಾರವನ್ನು ನಿಂತು ನೋಡಬೇಕು. ನಾಯಿಯ ಚಿತ್ರದ ಶಿಬಾ ಇನು ಎಂಬ ಟೋಕನ್ನಿನ ಹುಚ್ಚು ಆಗ ನೆತ್ತಿಗೇರಿತ್ತು. ಅದು ಸಲೀಸಾಗಿ ಸಿಗುತ್ತಿದ್ದದ್ದು ಯೂನಿಸ್ವಾಪ್‌ನಲ್ಲಿ. ಕ್ರಿಪ್ಟೊ ಮುಟ್ಟಿದ್ದೇ ಮೊದಲೆನ್ನುವವರು ವಾಲೆಟ್ ತೆರೆದು ನುಗ್ಗಿದರು. ಜಾಲದ ಸರಾಸರಿ ಶುಲ್ಕ ಒಂದು ವಹಿವಾಟಿಗೆ 70 ಡಾಲರಿನ ಆಸುಪಾಸಿಗೆ ಏರಿತು. ನೂರು ಡಾಲರ್ ಹಿಡಿದು ಬಂದವನಿಗೆ ಒಪ್ಪಿಗೆ ಕೊಡುವಷ್ಟರಲ್ಲೇ ಜೇಬು ಹಗುರಾಗಿರುತ್ತಿತ್ತು. ಶಿಬಾ ಹುಟ್ಟಿಸಿದವರು ಒಟ್ಟು ಟೋಕನ್ನುಗಳಲ್ಲಿ ಅರ್ಧವನ್ನು, ಕೇಳದೆಯೇ, ಬುಟೆರಿನ್‌ನ ವಿಳಾಸಕ್ಕೆ ಕಳಿಸಿ ಪ್ರಚಾರ ಗಿಟ್ಟಿಸಿದ್ದರು. ಅವನು ಅದನ್ನೆಂದೂ ಮುಟ್ಟಲಾರ ಎಂಬ ನಂಬಿಕೆಯ ಮೇಲೆ ಬೆಲೆ ನಿಂತಿತ್ತು. ಮೇ 12ರಂದು ಅವನು ಮುಟ್ಟಿದ. ಭಾರತದಲ್ಲಿ ಕೋವಿಡ್ ಎರಡನೇ ಅಲೆ ಹೆಣಗಳ ಸಾಲು ಹಾಕುತ್ತಿದ್ದ ದಿನಗಳವು. ಪಾಲಿಗಾನ್ ಎಂಬ ಕ್ರಿಪ್ಟೊ ಜಾಲದ ಸಂಸ್ಥಾಪಕರಲ್ಲಿ ಒಬ್ಬರಾದ ಸಂದೀಪ್ ನೈಲ್ವಾಲ್ ಶುರುಮಾಡಿದ್ದ ಕ್ರಿಪ್ಟೊ ರಿಲೀಫ್ ನಿಧಿಗೆ ಅವನು 50 ಲಕ್ಷ ಕೋಟಿ ಶಿಬಾ ಟೋಕನ್ ಕೊಟ್ಟುಬಿಟ್ಟ. ಕಾಗದದ ಮೇಲೆ ಅದರ ಮೌಲ್ಯ 100 ಕೋಟಿ ಡಾಲರಿಗೂ ಹೆಚ್ಚು. ಶಿಬಾ ಬೆಲೆ ನೋಡನೋಡುತ್ತಿದ್ದಂತೆ ಕುಸಿಯಿತು.

ದಾನದ ಬಗ್ಗೆ ನಮ್ಮ ತಕರಾರಿಲ್ಲ. ಆ ವಾರ ಮೊದಲ ಸಲ ಕೊಂಡವರ ಜಾಗದಲ್ಲಿ ನಿಂತು ನೋಡಿ. ಅರ್ಧ ಸರಕು ಒಬ್ಬನ ಕೈಲಿದೆ ಎಂಬುದು ಲೆಡ್ಜರಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಷೇರುಪೇಟೆಯಲ್ಲಾದರೆ ಅಂಥದ್ದನ್ನು ಪ್ರಾಸ್ಪೆಕ್ಟಸ್ಸಿನಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕಿಸುವ ಒಬ್ಬ ಅಧಿಕಾರಿ ಇರುತ್ತಾನೆ. ಇಲ್ಲಿ ಅದನ್ನು ಹುಡುಕುವುದು, ಓದುವುದು, ಅರ್ಥಮಾಡಿಕೊಳ್ಳುವುದು ಎಲ್ಲ ಕೊಳ್ಳುವವನ ಕೆಲಸ. ಬಹಿರಂಗವಾಗಿರುವುದಕ್ಕೂ ತಿಳಿಸುವುದಕ್ಕೂ ಎಷ್ಟು ಅಂತರವಿದೆ ಎಂದು ಈ ವಲಯದವರು ಇಂದಿಗೂ ಒಪ್ಪಲು ಸಿದ್ಧರಿಲ್ಲ.

ಯಾರು ಬೇಕಾದರೂ ಯಾವ ಹೆಸರಿನ ಟೋಕನ್ ಬೇಕಾದರೂ ಹುಟ್ಟಿಸಿ ಕೊಳ ತೆರೆಯಬಹುದು ಎಂಬ ಸ್ವಾತಂತ್ರ್ಯದ ಬೆಲೆಯನ್ನೂ ಹೊಸಬರೇ ತೆತ್ತರು. 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಯೂನಿಸ್ವಾಪ್‌ನಲ್ಲಿ 10,000ಕ್ಕೂ ಹೆಚ್ಚು ಠಕ್ಕು ಟೋಕನ್ನುಗಳನ್ನು ಗುರುತಿಸಿತು, ಅಂದರೆ ಅಲ್ಲಿದ್ದವುಗಳಲ್ಲಿ ಸುಮಾರು ಅರ್ಧ. ಠಕ್ಕರ ಗಳಿಕೆ ಕನಿಷ್ಠ 1.6 ಕೋಟಿ ಡಾಲರ್ ಎಂದು ಅದರ ಅಂದಾಜು. ಅದೇ ವರ್ಷ ನವೆಂಬರ್ 1ರಂದು, ಬೈನಾನ್ಸ್ ಜಾಲದ ಮೇಲಿನ ಅಂಥದ್ದೇ ತಾಣ ಪ್ಯಾನ್‌ಕೇಕ್‌ಸ್ವಾಪ್‌ನಲ್ಲಿ ಕೊರಿಯದ ಜನಪ್ರಿಯ ಧಾರಾವಾಹಿಯ ಹೆಸರು ಕದ್ದ ಸ್ಕ್ವಿಡ್ ಟೋಕನ್ 2,800 ಡಾಲರ್ ದಾಟಿ ಕೆಲವೇ ನಿಮಿಷಗಳಲ್ಲಿ ಸೊನ್ನೆಗೆ ಬಂತು. ಕೊಂಡವರಿಗೆ ಮಾರಲು ಆಗದಂತೆ ಕೋಡಿನಲ್ಲೇ ಬೀಗ ಹಾಕಿದ್ದರು. ಮಾರುವವರಿಲ್ಲದ ಮೇಲೆ ಬೆಲೆ ಏರದೆ ಇನ್ನೇನಾದೀತು? ಏರುವ ಗೆರೆಯನ್ನು ಕಂಡು ಇನ್ನಷ್ಟು ಹೊಸಬರು ಬಂದರು.

ಇನ್ನೊಂದು ಪಾಠ ಹೀಗೆ ಕಲಿಸಲಾಯಿತು. ಒಪ್ಪಿದ ಬೆಲೆಗಿಂತ ಎಷ್ಟು ಹೆಚ್ಚು ತೆರಲು ನೀವು ಸಿದ್ಧ ಎಂಬುದನ್ನು ಸ್ಲಿಪೇಜ್ ಎನ್ನುತ್ತಾರೆ. ಸಾಮಾನ್ಯಕ್ಕೆ ಅರ್ಧ ಪ್ರತಿಶತ ಸಾಕು. 2021ರ ಮಾರ್ಚಿನಲ್ಲಿ ಬಂದ ಸೇಫ್‌ಮೂನ್ ಪ್ರತಿ ವಹಿವಾಟಿಗೆ ಶೇ 10 ಮುರಿದುಕೊಳ್ಳುತ್ತಿತ್ತು, ಆದ್ದರಿಂದ ಸ್ಲಿಪೇಜನ್ನು ಶೇ 11–12ಕ್ಕೆ ಏರಿಸಿ ಎಂದು ಅದರ ಭಕ್ತಮಂಡಳಿ ಹೊಸಬರಿಗೆ ಹೇಳಿಕೊಟ್ಟಿತು. ಲಕ್ಷಾಂತರ ಮಂದಿ ಆ ಗುಂಡಿ ಒತ್ತುವುದನ್ನೇ ವ್ಯಾಪಾರದ ಅಆಇಈ ಎಂದು ಕಲಿತರು. ಸೇಫ್‌ಮೂನ್ ಮುಖ್ಯಸ್ಥ 2025ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ವಂಚನೆಯ ಅಪರಾಧಿ ಎಂದು ಸಾಬೀತಾದ. ಆದರೆ ಕಲಿತ ಚಾಳಿ ಬೇರೆ ಟೋಕನ್ನುಗಳಿಗೂ ಅಂಟಿಕೊಂಡಿತ್ತು. ಕಾಯುವ ಸಾಲಿನಲ್ಲಿರುವ ಆರ್ಡರುಗಳು ಎಲ್ಲರಿಗೂ ಕಾಣುತ್ತವೆ. ಶೇ 12 ಸಡಿಲ ಬಿಟ್ಟ ಆರ್ಡರ್ ಕಂಡ ಯಂತ್ರ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ತಾನು ಕೊಂಡು ಬೆಲೆ ಏರಿಸಿ, ಹೊಸಬ ಕೊಂಡ ಮರುಗಳಿಗೆ ಮಾರುತ್ತದೆ. ಇದಕ್ಕೆ ಸ್ಯಾಂಡ್‌ವಿಚ್ ಎಂದು ಹೆಸರು. 2023ರ ಏಪ್ರಿಲ್‌ನಲ್ಲಿ ಪೆಪೆ ಎಂಬ ಕಪ್ಪೆಯ ಟೋಕನ್ನಿಗೆ ಜನ ಮುಗಿಬಿದ್ದಾಗ, ಒಂದು ಸ್ಯಾಂಡ್‌ವಿಚ್ ಅಂಗಡಿಯ ಜಾಹೀರಾತಿನ ಮುಖವನ್ನು ನೆನಪಿಸುವ ಹೆಸರಿಟ್ಟುಕೊಂಡ ಯಂತ್ರವೊಂದು ಇಡೀ ಇಥೀರಿಯಂನಲ್ಲೇ ಅತಿ ಹೆಚ್ಚು ಗ್ಯಾಸ್ ಸುಡುವವರ ಸಾಲಿಗೆ ಸೇರಿತು. ತಿಂದವನು ಹಾಸ್ಯಪ್ರಿಯ, ತಿನ್ನಿಸಿಕೊಂಡವನಿಗೆ ತಾನು ತುತ್ತಾದದ್ದೇ ಗೊತ್ತಿಲ್ಲ. ಪರದೆಯ ಮೇಲೆ ಅವನಿಗೆ ಕಂಡದ್ದು ಹಸಿರು ಟಿಕ್ ಮಾರ್ಕು.

ಕೊಳಕ್ಕೆ ಹಣ ಹಾಕಿ ಕಮಿಷನ್ ಎಣಿಸೋಣ ಎಂದು ಬಂದ ಹೊಸಬರ ಕಥೆ ಚಿಕ್ಕದು. 2021ರ ನವೆಂಬರಿನಲ್ಲಿ ಯೂನಿಸ್ವಾಪ್‌ನ ಮೂರನೇ ಆವೃತ್ತಿಯ 17 ಕೊಳಗಳ ಅಧ್ಯಯನ ಬಂತು. ಹಣ ಹಾಕಿದವರಿಗೆ ಸಿಕ್ಕ ಶುಲ್ಕ 19.9 ಕೋಟಿ ಡಾಲರ್, ಬೆಲೆಯ ಏರಿಳಿತದಿಂದ ಆದ ನಷ್ಟ 26 ಕೋಟಿ. ಟೋಕನ್ನುಗಳನ್ನು ಸುಮ್ಮನೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೇ ಚೆನ್ನಾಗಿತ್ತು ಎನ್ನುವ ಸ್ಥಿತಿ ಸುಮಾರು ಅರ್ಧದಷ್ಟು ಮಂದಿಯದು. ಅಧ್ಯಯನದ ಹಿಂದೆ ಇದ್ದದ್ದು ಪ್ರತಿಸ್ಪರ್ಧಿ ಬ್ಯಾಂಕಾರ್ ಎಂಬುದನ್ನು ಹೇಳಲೇಬೇಕು.

ಹೊಸಬರು ಯಾರು ಎಂಬ ಪ್ರಶ್ನೆಯನ್ನೇ ಕಲಕಿಹಾಕಿದ ಘಟನೆ ಇದಕ್ಕೂ ಹಿಂದಿನದು. 2020ರ ಆಗಸ್ಟ್ ಕೊನೆಯಲ್ಲಿ ಸುಶಿಸ್ವಾಪ್ ಎಂಬ ನಕಲು ಹುಟ್ಟಿ, ಟೋಕನ್ ಆಮಿಷ ಒಡ್ಡಿ ಯೂನಿಸ್ವಾಪ್‌ನ ಕೊಳಗಳಿಂದ ಹಣ ಎಳೆಯತೊಡಗಿತು. ಸೆಪ್ಟೆಂಬರ್ ಮಧ್ಯದಲ್ಲಿ ಯೂನಿಸ್ವಾಪ್ ತನ್ನದೇ ಯುಎನ್‌ಐ ಟೋಕನ್ನಿನಿಂದ ಉತ್ತರ ಕೊಟ್ಟಿತು. ಸೆಪ್ಟೆಂಬರ್ 1ಕ್ಕೆ ಮುಂಚೆ ಒಮ್ಮೆಯಾದರೂ ಬಳಸಿದ ಪ್ರತಿ ವಿಳಾಸಕ್ಕೂ 400 ಟೋಕನ್. ಅಂಥ ವಿಳಾಸಗಳು 2,51,534. ಅವುಗಳಲ್ಲಿ ಸುಮಾರು 12,000 ವಿಳಾಸಗಳ ಒಂದೇ ಒಂದು ವಹಿವಾಟೂ ಯಶಸ್ವಿಯಾಗಿರಲಿಲ್ಲ. ಯತ್ನಿಸಿ ಗ್ಯಾಸ್ ಕಳಕೊಂಡಿದ್ದವು ಅಷ್ಟೆ. ಮುಗ್ಗರಿಸಿದವರನ್ನೂ ಪಂಕ್ತಿಯಲ್ಲಿ ಕೂರಿಸಿದ ಆ ನಿರ್ಧಾರವನ್ನು ನಾವು ಈ ಏಳು ವರ್ಷಗಳಲ್ಲೇ ಅತ್ಯಂತ ಮನುಷ್ಯತ್ವದ್ದು ಎಂದು ಎಣಿಸುತ್ತೇವೆ. ಕೆಲವೇ ದಿನಗಳಲ್ಲಿ ಆ 400 ಟೋಕನ್ನಿನ ಬೆಲೆ ಸಾವಿರ ಡಾಲರ್ ದಾಟಿತ್ತು. 2021ರ ಮೇ ಹೊತ್ತಿಗೆ 16,000ವನ್ನೂ ಮೀರಿತು.

ಅಲ್ಲಿಂದ ಮುಂದೆ ಶುದ್ಧ ಹೊಸಬ ಎಂಬುವನು ಉಳಿಯಲಿಲ್ಲ. ಟೋಕನ್ ಇನ್ನೂ ಹಂಚದ ಪ್ರತಿ ತಾಣಕ್ಕೂ ವಿಳಾಸಗಳ ದಂಡು ಹೊರಟಿತು. ಒಬ್ಬೊಬ್ಬನ ಬಳಿ ಹತ್ತು, ಐವತ್ತು, ಸಾವಿರ. ಅಲ್ಲಿ ಸ್ವಲ್ಪ ಕೊಂಡು, ಇಲ್ಲಿ ಸ್ವಲ್ಪ ಮಾರಿ, ತಿಂಗಳಿಗೊಮ್ಮೆ ಹಾಜರಿ ಹಾಕಿ, ನಿಷ್ಠಾವಂತ ಗ್ರಾಹಕನ ವೇಷ ತೊಟ್ಟು ಕಾಯುವುದು. 2023ರ ಮಾರ್ಚಿನಲ್ಲಿ ಆರ್ಬಿಟ್ರಮ್ ಎಂಬ ಉಪಜಾಲ ತನ್ನ ಟೋಕನ್ ಹಂಚುವ ಹೊತ್ತಿಗೆ ಇದು ಕಸುಬೇ ಆಗಿತ್ತು. 2024ರ ಮೇನಲ್ಲಿ ಲೇಯರ್‌ಝೀರೊ ಎಂಬ ಸಂಸ್ಥೆ ತಮಾಷೆಯ ಉಪಾಯ ಹೂಡಿತು: ನಕಲಿ ವಿಳಾಸಗಳನ್ನು ನೀವಾಗಿಯೇ ಒಪ್ಪಿಕೊಂಡರೆ ಪಾಲಿನ ಶೇ 15 ಕೊಡುತ್ತೇವೆ, ಇಲ್ಲವಾದರೆ ಸೊನ್ನೆ. ಹಿಡಿದುಕೊಟ್ಟ ಪತ್ತೇದಾರರಿಗೂ ಬಹುಮಾನ. ಮಾರುಕಟ್ಟೆಯೊಂದು ತನ್ನ ಗ್ರಾಹಕರಲ್ಲಿ ಮನುಷ್ಯರೆಷ್ಟು ಎಂದು ತಿಳಿಯಲು ತಪ್ಪೊಪ್ಪಿಗೆಯ ಗಡುವು ಕೊಡಬೇಕಾಯಿತು ಎಂದರೆ, ಅದುವರೆಗಿನ ಬೆಳವಣಿಗೆಯ ಗ್ರಾಫುಗಳನ್ನು ಏನೆಂದು ಓದಬೇಕು? ಹೂಡಿಕೆದಾರರ ಮುಂದೆ ಅವನ್ನು ಹಿಡಿದವರಂತೂ ಈ ಪ್ರಶ್ನೆಗೆ ಉತ್ತರಿಸಲಿಲ್ಲ.

2024ರ ಮಾರ್ಚ್ 13ರ ಡೆನ್‌ಕುನ್ ಪರಿಷ್ಕರಣೆ ಬಂದ ಮೇಲೆ ಇಥೀರಿಯಂನ ಉಪಜಾಲಗಳಲ್ಲಿ ಶುಲ್ಕ ಪೈಸೆಗಳಿಗೆ ಇಳಿಯಿತು. 2021ರ ಹೊಸಬನ ಅತಿ ದೊಡ್ಡ ಸಂಕಟ ಅಲ್ಲಿಗೆ ನೀಗಿತು. ಜೊತೆಗೆ, ಹೊಸ ವಿಳಾಸ ಹುಟ್ಟಿಸುವ ಖರ್ಚೂ ಇಳಿಯಿತು. ದಿನಕ್ಕಿಷ್ಟು ಲಕ್ಷ ಹೊಸ ಬಳಕೆದಾರರು ಎಂಬ ಘೋಷಣೆಗಳು ಆಮೇಲೆ ಜೋರಾದವು, ಅರ್ಥ ಕಳಕೊಂಡದ್ದೂ ಆಗಲೇ.

ನಮ್ಮ ನಾಡಿನ ಹೊಸಬ ಈ ಅಂಗಳಕ್ಕೆ ಬಂದ ದಾರಿಯೇ ಬೇರೆ. ಯೂನಿಸ್ವಾಪ್ ಹುಟ್ಟುವ ಸುಮಾರು ಹತ್ತು ದಿನ ಮುಂಚೆಯಷ್ಟೇ, 2018ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಯುನೊಕಾಯಿನ್ ಎಂಬ ದೇಶಿ ಎಕ್ಸ್‌ಚೇಂಜ್ ಇಟ್ಟಿದ್ದ ಕ್ರಿಪ್ಟೊ ಕಿಯಾಸ್ಕನ್ನು ಪೊಲೀಸರು ವಶಪಡಿಸಿಕೊಂಡು ಸಂಸ್ಥಾಪಕರನ್ನು ಬಂಧಿಸಿದ್ದರು. ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕ್ ಸೇವೆ ತಡೆದಿದ್ದ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2020ರ ಮಾರ್ಚ್ 4ರಂದು. ಹಾಗಾಗಿ ಇಲ್ಲಿನವರಲ್ಲಿ ಹೆಚ್ಚಿನವರು ಮೊದಲು ಕಂಡದ್ದು ದೇಶಿ ಎಕ್ಸ್‌ಚೇಂಜುಗಳ ಆ್ಯಪ್. ವಿಕೇಂದ್ರೀಕೃತ ತಾಣಕ್ಕೆ ಅವರನ್ನು ದೂಡಿದ ಕಾರಣಗಳಲ್ಲಿ ಎರಡನ್ನು ಹೆಸರಿಸಬಹುದು. ಒಂದು, ನಂಬಿದ ಕಡೆ ಪೆಟ್ಟು ಬಿದ್ದದ್ದು: 2022ರ ನವೆಂಬರಿನಲ್ಲಿ ವಿದೇಶಿ ಎಕ್ಸ್‌ಚೇಂಜ್ ಎಫ್‌ಟಿಎಕ್ಸ್ ದಿವಾಳಿ, 2024ರ ಜುಲೈ 18ರಂದು ದೇಶಿ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನಿಂದ ಸುಮಾರು 23.5 ಕೋಟಿ ಡಾಲರ್ ಕಳವು. ತಿಂಗಳುಗಟ್ಟಲೆ ಸ್ವಂತ ಹಣ ಹೊರತೆಗೆಯಲಾಗದೆ ಕೂತವರಿಗೆ, ಕೀಲಿ ನಿಮ್ಮ ಕೈಲೇ ಇರಲಿ ಎಂಬ ಮಾತು ಘೋಷಣೆಯಾಗಿ ಕೇಳಿಸಲಿಲ್ಲ. ಇನ್ನೊಂದು, ತೆರಿಗೆ. 2022ರ ಏಪ್ರಿಲ್ 1ರಿಂದ ಲಾಭಕ್ಕೆ ಶೇ 30, ಜುಲೈ 1ರಿಂದ ವಹಿವಾಟಿಗೆ ಶೇ 1 ಟಿಡಿಎಸ್. ವಿಕೇಂದ್ರೀಕೃತ ತಾಣದಲ್ಲಿ ಮುರಿದುಕೊಳ್ಳುವವರೇ ಇಲ್ಲ ಎಂದು ಹಲವರು ಅತ್ತ ನಡೆದರು.

ಅಲ್ಲಿಯೂ ಅದೇ ಕಥೆ. ಮುರಿದುಕೊಳ್ಳುವವನು ಇಲ್ಲ ಎಂದರೆ ಲೆಕ್ಕ ಬರೆಯುವವನೂ ಇಲ್ಲ. ಕಾನೂನಿನ ಕಣ್ಣಿಗೆ ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆದದ್ದೂ ಮಾರಾಟವೇ. ಒಂದರಲ್ಲಿ 10,000 ರೂಪಾಯಿ ಗಳಿಸಿ ಇನ್ನೊಂದರಲ್ಲಿ 10,000 ಕಳೆದುಕೊಂಡವನು ಸೊನ್ನೆಗೆ ಸೊನ್ನೆ ಎಂದುಕೊಂಡರೆ ತಪ್ಪು. ನಷ್ಟವನ್ನು ವಜಾ ಮಾಡುವಂತಿಲ್ಲ. 3,000 ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆಯ ಹೊರತು ಬೇರೆ ಯಾವ ಖರ್ಚನ್ನೂ ಕಳೆಯಲು ಕಾನೂನು ಬಿಡುವುದಿಲ್ಲ. ವಾರಕ್ಕೆ ಐವತ್ತು ಸಲ ಅದಲುಬದಲು ಮಾಡುವ ಇಪ್ಪತ್ತೆರಡರ ಎಂಜಿನಿಯರಿಗೆ ಇದು ತಿಳಿಯುವುದು ಹೆಚ್ಚಾಗಿ ಇಲಾಖೆಯ ಪತ್ರ ಬಂದ ಮೇಲೆ. ತಪ್ಪಿಸಿಕೊಳ್ಳಲು ಹೋದವನಷ್ಟೇ ಗೊತ್ತಿಲ್ಲದವನೂ ಸಿಕ್ಕಿಬೀಳುವ ಈ ನಿಯಮವನ್ನು ಸರ್ಕಾರ ಹಲವು ಬಜೆಟ್ ದಾಟಿದರೂ ಸಡಿಲಿಸಲಿಲ್ಲ. ವಿಕೇಂದ್ರೀಕೃತ ತಾಣದಲ್ಲಿ ಟಿಡಿಎಸ್ ಕಟ್ಟುವುದು ಹೇಗೆಂದು ಸಾಮಾನ್ಯನಿಗೆ ತಿಳಿಯುವಂತೆ ಹೇಳಿಕೊಡಲೂ ಇಲ್ಲ.

ಈಗ ಗಾಳಿ ಇನ್ನೊಂದು ದಿಕ್ಕಿಗೆ ಬೀಸುತ್ತಿದೆ. 2025ರ ಆಗಸ್ಟ್‌ನಿಂದ ಕೇಂದ್ರೀಕೃತ ಎಕ್ಸ್‌ಚೇಂಜಾದ ಕಾಯಿನ್‌ಬೇಸ್ ತನ್ನ ಆ್ಯಪಿನೊಳಗೇ ವಿಕೇಂದ್ರೀಕೃತ ತಾಣಗಳ ವ್ಯಾಪಾರ ತೆರೆದಿದೆ. ಇನ್ನೊಂದು ಎಕ್ಸ್‌ಚೇಂಜ್ ಬೈನಾನ್ಸ್ ತನ್ನ ಆಲ್ಫಾ ವಿಭಾಗದಲ್ಲಿ ಅಂಕ ಕೊಟ್ಟು ಜನರನ್ನು ಅತ್ತ ನಡೆಸುತ್ತಿದೆ. ಅಂಕಕ್ಕಾಗಿಯೇ ಕೊಂಡು ಮಾರುವವರ ಸಾಲು ಪ್ಯಾನ್‌ಕೇಕ್‌ಸ್ವಾಪ್‌ನ ಮೊತ್ತವನ್ನು ಉಬ್ಬಿಸಿತು. ಗ್ಯಾಸ್, ಒಪ್ಪಿಗೆ, ಹನ್ನೆರಡು ಪದಗಳ ಗುಟ್ಟು ಎಲ್ಲವೂ ಗುಂಡಿಯ ಹಿಂದೆ ಮರೆಯಾಗುತ್ತಿವೆ. ತಾನೊಂದು ವಿಕೇಂದ್ರೀಕೃತ ತಾಣದಲ್ಲಿ ಇದ್ದೇನೆಂದು ಬರುವ ಹೊಸಬನಿಗೆ ಗೊತ್ತಾಗಲಿಕ್ಕೂ ಇಲ್ಲ. ಗುಮಾಸ್ತ ಮರಳಿ ಬಂದಿದ್ದಾನೆ, ಈ ಸಲ ಸ್ವಾಗತಿಸುವ ಕೆಲಸಕ್ಕೆ ಮಾತ್ರ. ಸರಕನ್ನು ತಡವಿ ನೋಡುವ ಹೊಣೆ, ತಪ್ಪಾದರೆ ಉತ್ತರಿಸುವ ಹೊಣೆ ನನ್ನದಲ್ಲ, ಅದು ಕೆಳಗಿರುವ ಪ್ರೋಗ್ರಾಮಿನದು ಎಂದು ಷರತ್ತಿನ ಸಣ್ಣಕ್ಷರಗಳಲ್ಲಿ ಬರೆದಿಟ್ಟಿದ್ದಾನೆ.

ಇದಕ್ಕೆ ಬೇಕಾದದ್ದು ಹೊಸ ಕಾನೂನಿಗಿಂತ ಮೊದಲು ಒಂದು ಲೆಕ್ಕಪತ್ರ. ಮೊದಲ ಸಲ ಬಂದ ವಿಳಾಸಗಳಲ್ಲಿ ಮೊದಲ ಮೂವತ್ತು ದಿನದಲ್ಲಿ ಮುಗ್ಗರಿಸಿದ ವಹಿವಾಟು ಎಷ್ಟು, ಸ್ಯಾಂಡ್‌ವಿಚ್‌ಗೆ ತುತ್ತಾದವು ಎಷ್ಟು, ಕೊಂಡ ಟೋಕನ್ನನ್ನು ಮತ್ತೆ ಮಾರಲಾಗದೆ ಉಳಿದವು ಎಷ್ಟು. ಮೂರಕ್ಕೂ ದತ್ತಾಂಶ ಲೆಡ್ಜರಿನಲ್ಲೇ ಬಿದ್ದಿದೆ, ಯಾರ ಗುಟ್ಟೂ ಒಡೆಯಬೇಕಿಲ್ಲ. ಪರದೆ ಒದಗಿಸಿ ಶುಲ್ಕ ಎಣಿಸುವ ಪ್ರತಿ ಸಂಸ್ಥೆಯೂ ತನ್ನ ಬಾಗಿಲಿನಿಂದ ಬಂದವರ ಈ ಮೂರು ಅಂಕಿಗಳನ್ನು ಮೂರು ತಿಂಗಳಿಗೊಮ್ಮೆ ಹೊರಗಿಡಲಿ. ವಹಿವಾಟಿನ ದಾಖಲೆ ಮುರಿದ ದಿನ ಗ್ರಾಫ್ ಹಿಡಿದು ಓಡಿಬರುವ ಪ್ರಚಾರ ವಿಭಾಗಕ್ಕೆ ಇದೇನೂ ಕಷ್ಟದ ಕೆಲಸವಲ್ಲ.